ಹಬ್ಬದ ಮನೆಯಲ್ಲಿ ಹಿರಿಯರ ಕಥೆ ಹಿಡಿಯಲು ಜೂಮ್ ಎಚ್1 ಎಸೆನ್ಷಿಯಲ್

ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ದೀಪಾವಳಿಗೆ ಬೆಂಗಳೂರು ಸೇರಿದವರು ಊರಿನ ಬಸ್ಸು ಹತ್ತುತ್ತಾರೆ. ಮನೆಯ ಹಿರಿಯರು, ಅವರ ತಮ್ಮ ತಂಗಿಯರು, ಮೊಮ್ಮಕ್ಕಳು ಒಂದೇ ಸೂರಿನಡಿ ಸಿಗುವುದು ವರ್ಷದಲ್ಲಿ ಇಂಥ ನಾಲ್ಕಾರು ದಿನ ಮಾತ್ರ. ಮನೆತನದ ಕಥೆಗಳನ್ನು ದಾಖಲಿಸಬೇಕೆಂದರೆ ಆಗಲೇ ಮಾಡಬೇಕು. ಆದರೆ ಕುಕ್ಕರ್, ಮಿಕ್ಸಿ, ಟಿವಿ, ಪಟಾಕಿ, ಮಕ್ಕಳ ಓಡಾಟ ಎಲ್ಲವೂ ಇರುವುದೂ ಆಗಲೇ. ಈ ಗದ್ದಲದ ಮನೆಗೆ ಜೂಮ್ ಎಚ್1 ಎಸೆನ್ಷಿಯಲ್ ರೆಕಾರ್ಡರ್ ಎಷ್ಟರ ಮಟ್ಟಿಗೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡೋಣ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದು ವಿಡಿಯೋ ಕರೆಯ ಜೂಮ್ ಅಲ್ಲ. 1983ರಲ್ಲಿ ಶುರುವಾದ ಜಪಾನಿನ ಆಡಿಯೋ ಉಪಕರಣಗಳ ಕಂಪನಿ. ಅದರ ಎಚ್1 ರೆಕಾರ್ಡರ್ 2010ರಲ್ಲಿ, ಎಚ್1ಎನ್ 2018ರಲ್ಲಿ, ಈ ಎಸೆನ್ಷಿಯಲ್ ಮಾದರಿ 2024ರಲ್ಲಿ ಬಂದವು. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು. ನೆತ್ತಿಯ ಮೇಲೆ 90 ಡಿಗ್ರಿ ಕೋನದಲ್ಲಿ ಕೂರಿಸಿದ ಎರಡು ಮೈಕ್, ಎದುರಿಗೆ ಚಿಕ್ಕ ಪರದೆ, ದೊಡ್ಡದೊಂದು ರೆಕಾರ್ಡ್ ಗುಂಡಿ, ಎರಡು ಎಎಎ ಬ್ಯಾಟರಿ, ಯುಎಸ್‌ಬಿ-ಸಿ ಕಿಂಡಿ, ಹಿಂಭಾಗದಲ್ಲಿ ಟ್ರೈಪಾಡ್‌ಗೆ ಕಾಲಿಂಚಿನ ತಿರುಪು ರಂಧ್ರ. ಬಿಡುಗಡೆಯಾದಾಗ ಅಮೆರಿಕದಲ್ಲಿ ಬೆಲೆ 99.99 ಡಾಲರ್ ಇತ್ತು. ಇಲ್ಲಿ ತೆರಿಗೆ, ಸಾಗಣೆ ಸೇರಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಭಾರತದ ವಾರಂಟಿ ಇದೆಯೇ ಎಂದು ಬಿಲ್ ಆಗುವ ಮೊದಲೇ ಕೇಳಿಕೊಳ್ಳಬೇಕು.

ಇದರ ಹೆಗ್ಗಳಿಕೆ 32-ಬಿಟ್ ಫ್ಲೋಟ್, ಎಂದರೆ ತೀರಾ ಮೆಲುದನಿಯನ್ನೂ ತೀರಾ ಏರುದನಿಯನ್ನೂ ಒಂದೇ ಫೈಲಿನಲ್ಲಿ ಹಿಡಿದಿಡುವ ವಿಧಾನ. ಹಳೆಯ ರೆಕಾರ್ಡರ್‌ಗಳಲ್ಲಿ ಮಾತು ಶುರುವಾಗುವ ಮುಂಚೆ ಲೆವೆಲ್, ಎಂದರೆ ಧ್ವನಿಯನ್ನು ಎಷ್ಟು ಜೋರಾಗಿ ಹಿಡಿಯಬೇಕೆಂಬ ಮಟ್ಟ, ಹೊಂದಿಸಬೇಕಿತ್ತು. ಎಚ್1ಎನ್ ಮೇಲೆ 0ಯಿಂದ 10ರವರೆಗೆ ತಿರುಗುವ ಗುಂಡಿ ಅದಕ್ಕೇ ಇದೆ. ಅಜ್ಜ ಪಿಸುಮಾತಿನಲ್ಲಿ ಶುರುಮಾಡಿ, ಹುಲಿ ಬಂದ ಕಥೆಗೆ ಹೊರಳಿದಾಗ ಗಟ್ಟಿಯಾಗಿ ಕೂಗಿದರೆ ಲೆವೆಲ್ ಮೀರಿ ಧ್ವನಿ ಒಡೆಯುತ್ತಿತ್ತು. ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸುವುದು ಅಸಾಧ್ಯದ ಮಾತೇ. ಎಸೆನ್ಷಿಯಲ್‌ನಲ್ಲಿ ಮೆಲುದನಿಗೊಂದು, ಏರುದನಿಗೊಂದು ಎಂದು ಎರಡು ಪರಿವರ್ತಕಗಳು ಒಟ್ಟಿಗೇ ಕೆಲಸ ಮಾಡುತ್ತವೆ, ಎರಡರ ಫಲವೂ ಒಂದೇ ಫೈಲಿನಲ್ಲಿ ಸೇರುತ್ತದೆ. ಆದ್ದರಿಂದ ಲೆವೆಲ್ ಗುಂಡಿಯೇ ಇಲ್ಲ. ಪರದೆಯ ಮೇಲೆ ಅಲೆ ಸಣ್ಣದಾಗಿ ಕಂಡರೂ ದೊಡ್ಡದಾಗಿ ಕಂಡರೂ ಚಿಂತೆಯಿಲ್ಲ, ನಂತರ ಕಂಪ್ಯೂಟರಿನಲ್ಲಿ ಏರಿಸಿ ಇಳಿಸಿಕೊಳ್ಳಬಹುದು. ರೆಕಾರ್ಡಿಂಗ್ ಗೊತ್ತಿಲ್ಲದ ಹತ್ತನೇ ತರಗತಿಯ ಮೊಮ್ಮಗಳ ಕೈಗೆ ಕೊಟ್ಟರೂ ಲೆವೆಲ್ ವಿಷಯದಲ್ಲಿ ಎಡವಟ್ಟಾಗುವುದಿಲ್ಲ. ಮನೆಯವರೇ ಕೂತು ಮಾಡುವ ದಾಖಲೆಗೆ ಇದು ನಿಜಕ್ಕೂ ದೊಡ್ಡ ಅನುಕೂಲ.

ಆದರೆ ಅದು ಬಗೆಹರಿಸುವುದು ಲೆವೆಲ್‌ನ ಸಮಸ್ಯೆ ಒಂದನ್ನೇ. ಜಾಹೀರಾತು ಓದಿದವರು ಇಲ್ಲಿ ಮೋಸಹೋಗುತ್ತಾರೆ. ದೂರ, ಪ್ರತಿಧ್ವನಿ, ಫ್ಯಾನು, ಗಾಳಿ ಇವು ಯಾವುದಕ್ಕೂ 32-ಬಿಟ್ ಮದ್ದಲ್ಲ. ಪಟಾಕಿಯನ್ನೇ ತೆಗೆದುಕೊಳ್ಳಿ. ಈ ಮೈಕ್‌ಗಳು ತಾಳಿಕೊಳ್ಳುವ ಮಿತಿ 120 ಡೆಸಿಬಲ್. ನಮ್ಮ ದೇಶದ ಕಾನೂನಿನಲ್ಲಿ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್‌ವರೆಗಿನ ಪಟಾಕಿಗೆ ಅವಕಾಶವಿದೆ. ಜಗಲಿಯ ಪಕ್ಕದಲ್ಲೇ ಒಂದು ಸಿಡಿದರೆ ಮೈಕೇ ತತ್ತರಿಸುತ್ತದೆ, ಫೈಲು ಎಷ್ಟು ಬಿಟ್ಟಿನದಾದರೂ ಆ ಕ್ಷಣದ ಮಾತು ಹೋದಂತೆಯೇ. ದೀಪಾವಳಿಯಲ್ಲಿ ರೆಕಾರ್ಡಿಂಗ್ ಅನ್ನು ಬೆಳಕಿರುವಾಗಲೇ ಮುಗಿಸಿಬಿಡಿ.

ದೂರದ ಲೆಕ್ಕ ಇನ್ನೂ ಮುಖ್ಯ. ಬಾಯಿಯಿಂದ ಮೈಕ್‌ಗೆ ಇರುವ ದೂರ ದುಪ್ಪಟ್ಟಾದಾಗಲೆಲ್ಲ ನೇರ ಧ್ವನಿ 6 ಡೆಸಿಬಲ್ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಪ್ರತಿಧ್ವನಿಯೂ ಫ್ಯಾನಿನ ಸದ್ದೂ ಮಾತ್ರ ಇದ್ದಷ್ಟೇ ಇರುತ್ತವೆ. 40 ಸೆಂಟಿಮೀಟರಿನಲ್ಲಿ ಇಟ್ಟ ರೆಕಾರ್ಡರನ್ನು ಟೀಪಾಯಿ ಮೇಲೆ 160 ಸೆಂಟಿಮೀಟರ್ ದೂರಕ್ಕೆ ಸರಿಸಿದರೆ ಮಾತು 12 ಡೆಸಿಬಲ್ ಕಳೆದುಕೊಂಡಿತು. ಆಮೇಲೆ ಕಂಪ್ಯೂಟರಿನಲ್ಲಿ ಆ 12ನ್ನು ಏರಿಸಿದರೆ ಜೊತೆಗೆ ಫ್ಯಾನೂ, ಮೈಕಿನ ಒಳಗಿನ ಸಣ್ಣ ಹಿಸ್ಸೆನ್ನುವ ಸದ್ದೂ ಅಷ್ಟೇ ಏರುತ್ತವೆ. ಈ ಬೆಲೆಯ ಮೈಕ್‌ಗಳಲ್ಲಿ ಆ ಹಿಸ್ಸು ಇದ್ದೇ ಇರುತ್ತದೆ, ಹತ್ತಿರದಿಂದ ಹಿಡಿದ ಮಾತಿನಲ್ಲಿ ಮಾತ್ರ ಅದು ಮುಚ್ಚಿಹೋಗುತ್ತದೆ. ಹಾಗಾಗಿ 30ರಿಂದ 45 ಸೆಂಟಿಮೀಟರ್, ಎಂದರೆ ಸುಮಾರು ಒಂದೂವರೆ ಗೇಣಿನಿಂದ ಎರಡು ಗೇಣು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಕೋಣೆಯ ಆಯ್ಕೆಯಲ್ಲಿ ಹೆಚ್ಚಿನವರು ಎಡವುವುದು ಹಜಾರವನ್ನು ಆರಿಸಿ. ಗ್ರಾನೈಟ್ ಅಥವಾ ಟೈಲ್ಸ್ ನೆಲ, ಬೋಳು ಗೋಡೆ, ಎತ್ತರದ ತಾರಸಿ ಇರುವ ಹಜಾರದಲ್ಲಿ ಮಾತು ಗುಂಯ್‌ಗುಡುತ್ತದೆ. ಹಾಸಿಗೆ, ದಿಂಬು, ಕಂಬಳಿ ಪೇರಿಸಿಟ್ಟ ಮಲಗುವ ಕೋಣೆಯೇ ಎಲ್ಲಕ್ಕಿಂತ ಒಳ್ಳೆಯ ಸ್ಟುಡಿಯೋ. ಹಿರಿಯರನ್ನು ಮಂಚದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಅವರ ಎದುರಿನ ಗೋಡೆಯಲ್ಲಿ ಸೀರೆ ತುಂಬಿದ ಬೀರು ಇದ್ದರೆ ಬಾಗಿಲು ತೆರೆದಿಡಿ, ನೆಲ ಬೋಳಾಗಿದ್ದರೆ ಜಮಖಾನೆ ಹಾಸಿ. ಇಷ್ಟಕ್ಕೇ ಆಗುವ ವ್ಯತ್ಯಾಸ ಯಾವ ದುಬಾರಿ ಮೈಕಿನಿಂದಲೂ ಆಗುವುದಿಲ್ಲ. ಕರಾವಳಿಯ, ಮಲೆನಾಡಿನ ಹಳೆಯ ಮನೆಗಳಲ್ಲಿ ಹಂಚಿನ ಮಾಡು, ಮರದ ಮುಚ್ಚಿಗೆ ಇದ್ದರೆ ಪ್ರತಿಧ್ವನಿ ಕಡಿಮೆ, ಆದರೆ ಮಳೆ ಬಂದರೆ ಮಾಡಿನ ಸದ್ದಿನಲ್ಲಿ ಮಾತೇ ಕೇಳಿಸದು. ಗೌರಿ ಗಣೇಶ ಹಬ್ಬ ಬರುವುದೇ ಮಳೆಯ ಕಾಲದಲ್ಲಿ ಎಂಬುದು ನೆನಪಿರಲಿ.

ಫ್ಯಾನ್ ಆರಿಸಬೇಕು. ಇದರ ಲೋ ಕಟ್ ಫಿಲ್ಟರ್ ಹಾಕಿದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಲೋ ಕಟ್ ತೆಗೆಯುವುದು ಮೋಟಾರಿನ ಕೆಳಸ್ಥಾಯಿಯ ಗುಂಗನ್ನು ಮಾತ್ರ. ರೆಕ್ಕೆ ಬೀಸುವ ಗಾಳಿಯ ಸದ್ದು ಮಾತಿನ ಸ್ಥಾಯಿಯಲ್ಲೇ ಇರುವುದರಿಂದ ಉಳಿದುಕೊಳ್ಳುತ್ತದೆ, ಅದೂ ಅಲ್ಲದೆ ಗಾಳಿ ನೇರ ಮೈಕ್ ಮೇಲೆ ಬಿದ್ದರೆ ಧಡಧಡ ಎನ್ನುತ್ತದೆ. ಹಿರಿಯರಿಗೆ ಸೆಕೆ ತಡೆಯದಿದ್ದರೆ ಸೀಲಿಂಗ್ ಫ್ಯಾನ್ ಆರಿಸಿ, ಟೇಬಲ್ ಫ್ಯಾನನ್ನು ಕಡಿಮೆ ವೇಗದಲ್ಲಿ, ಅವರ ಬೆನ್ನಿನ ಕಡೆಯಿಂದ, ರೆಕಾರ್ಡರಿಗೆ ತಾಗದ ಹಾಗೆ ಇಡಿ. ಹತ್ತಿರದಲ್ಲಿ ಫ್ರಿಜ್ ಇದ್ದರೆ ಅದನ್ನೂ ಆರಿಸಿ, ಆಮೇಲೆ ಹಾಕಲು ಮರೆಯದಿರಲೆಂದು ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೆ ಇಟ್ಟುಬಿಡಿ. ಹಾಲು ಕೆಡುವುದು ತಪ್ಪುತ್ತದೆ. ಮೈಕಿಗೆ ತೊಡಿಸುವ ಸ್ಪಂಜಿನ ಟೋಪಿ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಜಗಲಿ, ಅಂಗಳ, ತೋಟದಲ್ಲಿ ರೆಕಾರ್ಡ್ ಮಾಡುವುದಾದರೆ ಸ್ಪಂಜು ಸಾಲದು, ಕೂದಲಿರುವ ಟೋಪಿಯೇ ಬೇಕು.

ಇಡುವ ರೀತಿಯಲ್ಲೂ ಕೆಲವು ಸೂಕ್ಷ್ಮಗಳಿವೆ. ರೆಕಾರ್ಡರನ್ನು ಕೈಯಲ್ಲಿ ಹಿಡಿಯಲೇಬಾರದು. ಪ್ಲಾಸ್ಟಿಕ್ ಮೈ, ಬೆರಳು ಸ್ವಲ್ಪ ಸರಿದರೂ ಆ ಕಿರಿಕಿರಿ ಫೈಲಿನಲ್ಲಿ ಮಾತಿಗಿಂತ ಜೋರಾಗಿ ಕೂತಿರುತ್ತದೆ. ಬರಿ ಮೇಜಿನ ಮೇಲೂ ಇಡಬಾರದು, ಅದರ ಮೇಲೆ ಯಾರೋ ಕಾಫಿ ಲೋಟ ಇಟ್ಟರೆ ಗುಡುಗಿದ ಹಾಗೆ ಕೇಳುತ್ತದೆ. ನಾಲ್ಕು ಮಡಿಕೆ ಮಾಡಿದ ಟವೆಲ್, ಅದರ ಮೇಲೆ ಚಿಕ್ಕ ಟ್ರೈಪಾಡ್, ಅದರ ಮೇಲೆ ರೆಕಾರ್ಡರ್. ಒಬ್ಬರೇ ಮಾತಾಡುವುದಾದರೆ ಮೈಕಿನ ಮೂತಿ ಅವರ ಗದ್ದದ ಕಡೆಗೆ ಇರಲಿ. ಪ್ರಶ್ನೆ ಕೇಳುವವರು ಹಿಂದುಗಡೆ ಕೂತರೆ ಅವರ ಧ್ವನಿ ತುಸು ಸಣ್ಣದಾಗಿ ಬರುತ್ತದೆ, ಅದು ಹಾಗೇ ಇರಬೇಕು ಕೂಡ.

ಅಜ್ಜ ಅಜ್ಜಿ ಇಬ್ಬರೂ ಒಟ್ಟಿಗೆ ಕೂತಾಗ ಈ ಎರಡು ಮೈಕಿನ ಗುಣ ಚೆನ್ನಾಗಿ ತೋರುತ್ತದೆ. ಇಬ್ಬರ ನಡುವಿನ ಗೆರೆಗೆ ನೇರವಾಗಿ ಇಟ್ಟು, ಒಬ್ಬರು ಎಡಕ್ಕೂ ಇನ್ನೊಬ್ಬರು ಬಲಕ್ಕೂ ಬರುವಂತೆ ಕೂರಿಸಿ. ಅಜ್ಜ ಹೇಳುವಾಗ ಅಜ್ಜಿ ನಡುವೆ ಬಾಯಿ ಹಾಕಿ ‘ಅದು ಆ ವರ್ಷ ಅಲ್ಲ, ಸೀತಕ್ಕನ ಮದುವೆ ಆದ ಮೇಲೆ’ ಎಂದು ತಿದ್ದುತ್ತಾರಲ್ಲ, ಹೆಡ್‌ಫೋನಿನಲ್ಲಿ ಕೇಳಿದಾಗ ಆ ಎರಡು ದನಿಗಳು ಎರಡು ಕಿವಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಬರೆದಿಳಿಸುವವರಿಗೆ ಇದು ಅರ್ಧ ಕೆಲಸ ಉಳಿಸಿದಂತೆ. ಇಂಥ ತಿದ್ದುಪಡಿಗಳೇ ಮನೆತನದ ಇತಿಹಾಸದ ಜೀವಾಳ, ಅವನ್ನು ತಡೆಯಲು ಹೋಗಬೇಡಿ.

ಗಾಜಿನ ಬಳೆಯ ಸದ್ದು ಬಹಳ ಕಾಡುವಂಥದ್ದು. ಹಬ್ಬದ ದಿನ ಕೈತುಂಬ ಬಳೆ ಇರುತ್ತದೆ, ತೆಗೆಯಿರಿ ಎಂದು ಯಾವ ಮನೆಯಲ್ಲೂ ಹೇಳುವ ಹಾಗಿಲ್ಲ. ತೊಡೆಯ ಮೇಲೊಂದು ದಿಂಬು ಕೊಟ್ಟು ಕೈ ಅದರ ಮೇಲೆ ಊರಿಸಿದರೆ ಸದ್ದು ಬಹುಮಟ್ಟಿಗೆ ನಿಲ್ಲುತ್ತದೆ. ಹಳೆಯ ಆಲ್ಬಂ ತೋರಿಸಿ ಮಾತು ತೆಗೆಯುವುದು ಒಳ್ಳೆಯ ಉಪಾಯ. ಆದರೆ ಪುಟ ತಿರುವುವ ಪ್ಲಾಸ್ಟಿಕ್ ಹಾಳೆ ಮೈಕಿನಿಂದ ದೂರ ಇರಲಿ, ಯಾವ ಫೋಟೋ ಎಂಬುದನ್ನು ಪ್ರಶ್ನೆ ಕೇಳುವವರು ಬಾಯಿಬಿಟ್ಟು ಹೇಳಬೇಕು. ‘ಇದು ಯಾರು, ಇದು ಯಾರು’ ಎಂದಷ್ಟೇ ದಾಖಲಾದರೆ ಹತ್ತು ವರ್ಷದ ಮೇಲೆ ಕೇಳುವವರಿಗೆ ಏನೂ ತಿಳಿಯದು.

ದನಿ ತೀರಾ ಕ್ಷೀಣಿಸಿದ ಹಿರಿಯರಿಗೆ ಕಾಲರ್ ಮೈಕ್ ಬಳಸಬಹುದು, 3.5 ಮಿಲಿಮೀಟರಿನ ಕಿಂಡಿ ಇದೆ, ಮೈಕಿಗೆ ಬೇಕಾದ ಸಣ್ಣ ವಿದ್ಯುತ್ತನ್ನೂ ಕೊಡುತ್ತದೆ. ಎರಡು ವಿಷಯ ಗೊತ್ತಿರಲಿ. ಹೊರಗಿನ ಮೈಕ್ ಚುಚ್ಚಿದ ಕೂಡಲೇ ನೆತ್ತಿಯ ಮೈಕ್‌ಗಳು ಸುಮ್ಮನಾಗುತ್ತವೆ, ಪ್ರಶ್ನೆ ಕೇಳುವವರ ಧ್ವನಿ ದೂರದಿಂದ ಬಂದಂತೆ ಇರುತ್ತದೆ. ಇನ್ನೊಂದು, ಫೋನಿಗೆಂದು ಮಾಡಿದ ಮೈಕ್‌ನ ಪಿನ್ನಿನಲ್ಲಿ ಮೂರು ಕಪ್ಪು ಗೆರೆ ಇರುತ್ತವೆ, ಇಂಥ ರೆಕಾರ್ಡರಿಗೆ ಬೇಕಾದ್ದು ಎರಡು ಗೆರೆಯದು. ಎಲ್ಲೆಡೆ ಸಿಗುವ ಬೋಯಾ ಎಂ1 ಮೈಕಿನಲ್ಲಿ ಫೋನ್ ಮತ್ತು ಕ್ಯಾಮೆರಾ ಎಂದು ಬದಲಿಸುವ ಗುಂಡಿ ಇದೆ, ಅದನ್ನು ಕ್ಯಾಮೆರಾ ಕಡೆಗಿಟ್ಟು ಒಳಗೆ ಎಲ್‌ಆರ್44 ಬ್ಯಾಟರಿ ಹಾಕಿದರೆ ಸರಿಯಾಗುತ್ತದೆ. ಇದು ತಿಳಿಯದೆ ಮೈಕೇ ಕೆಟ್ಟಿದೆ ಎಂದು ವಾಪಸು ಕಳಿಸುವವರು ಬಹಳ. ಮೈಕನ್ನು ಸೆರಗಿಗೆ ಸಿಕ್ಕಿಸಬೇಡಿ, ರೇಷ್ಮೆ ಉಜ್ಜಿ ಸರಸರ ಎನ್ನುತ್ತದೆ. ಕರಿಮಣಿ, ಸರಗಳಿಂದಲೂ ದೂರ, ರವಿಕೆಯ ಅಂಚು ಸರಿಯಾದ ಜಾಗ.

ಸಿದ್ಧತೆಯನ್ನು ಹಬ್ಬದ ಹಿಂದಿನ ದಿನವೇ ಮುಗಿಸಿಕೊಳ್ಳಿ. ಮೈಕ್ರೋಎಸ್‌ಡಿ ಕಾರ್ಡ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಇದು ಕೊಂಡವರಿಗೆ ಮೊದಲು ಎದುರಾಗುವ ತೊಡಕು. 48 ಕಿಲೋಹರ್ಟ್ಸ್ (ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುವ ಆಯ್ಕೆ), ಸ್ಟಿರಿಯೋದಲ್ಲಿ ಗಂಟೆಗೆ ಸುಮಾರು 1.4 ಜಿಬಿ ಬೇಕಾಗುತ್ತದೆ, 32 ಜಿಬಿ ಕಾರ್ಡಿನಲ್ಲಿ 20 ಗಂಟೆಗೂ ಮೇಲೆ ಹಿಡಿಸುತ್ತದೆ, ಒಂದು ಹಬ್ಬಕ್ಕೆ ಧಾರಾಳ. 96 ಕಿಲೋಹರ್ಟ್ಸ್ ಮಾತಿಗೆ ವ್ಯರ್ಥ. ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ. ಮೊದಲ ಸಲ ಆನ್ ಮಾಡಿದಾಗ ಭಾಷೆ, ದಿನಾಂಕ, ಬ್ಯಾಟರಿಯ ಬಗೆ ಕೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಬ್ಯಾಟರಿಯ ಬಗೆಯನ್ನು ಸರಿಯಾಗಿ ಕೊಡಿ, ರೀಚಾರ್ಜ್ ಬ್ಯಾಟರಿ ಹಾಕಿ ಆಲ್ಕಲೈನ್ ಎಂದು ಬಿಟ್ಟರೆ ಎಷ್ಟು ಉಳಿದಿದೆ ಎಂಬ ಸೂಚನೆ ತಪ್ಪಾಗುತ್ತದೆ. ಕಂಪನಿ ಹೇಳುವ 10 ಗಂಟೆ ಆಲ್ಕಲೈನ್ ಬ್ಯಾಟರಿಯದು. ಗಡಿಯಾರ, ರಿಮೋಟಿಗೆಂದು ಕಿರಾಣಿ ಅಂಗಡಿಯಲ್ಲಿ ಸಿಗುವ ಅಗ್ಗದ ಸತುವಿನ ಬ್ಯಾಟರಿ ಅದರ ಹತ್ತಿರಕ್ಕೂ ಬರುವುದಿಲ್ಲ. ಗುಂಡಿ ಒತ್ತಿದಾಗ ಮಾತಾಡುವ ಧ್ವನಿ ಸೂಚನೆಯ ಸೌಲಭ್ಯ ಇದರಲ್ಲಿದೆ, ಕಣ್ಣು ಮಂಜಾದವರಿಗೆ ತುಂಬ ಉಪಯುಕ್ತ. ಬೇಡವಾದವರು ಮೆನುವಿನಲ್ಲಿ ಆರಿಸಿಕೊಳ್ಳಬಹುದು.

ರೆಕಾರ್ಡ್ ಒತ್ತಿದ ಮೇಲೆ ಕೆಂಪು ದೀಪ, ಓಡುವ ಸಮಯ ಎರಡನ್ನೂ ಕಣ್ಣಾರೆ ನೋಡಿ, ನಂತರ ಪಕ್ಕದ ಸ್ವಿಚ್ಚನ್ನು ಹೋಲ್ಡ್ ಕಡೆಗೆ ತಳ್ಳಿ. ಮಕ್ಕಳ ಕೈ ತಾಗಿದರೂ ಆಮೇಲೆ ನಿಲ್ಲುವುದಿಲ್ಲ. ಮೊದಲ 10 ಸೆಕೆಂಡು ಎಲ್ಲರೂ ಸುಮ್ಮನಿರಿ, ಕೋಣೆಯ ಖಾಲಿ ಸದ್ದು ಬೇಕಾಗುತ್ತದೆ. ಆಮೇಲೆ ದಿನ, ಊರು, ಮಾತಾಡುವವರ ಪೂರ್ಣ ಹೆಸರು, ಕೋಣೆಯಲ್ಲಿ ಯಾರ್ಯಾರಿದ್ದಾರೆ ಎಂಬುದನ್ನು ಗಟ್ಟಿಯಾಗಿ ಹೇಳಿ, ರೆಕಾರ್ಡ್ ಮಾಡಲು ಅವರ ಒಪ್ಪಿಗೆಯನ್ನೂ ಕೇಳಿ. ಕದ್ದು ರೆಕಾರ್ಡ್ ಮಾಡುವುದು ಬೇಡವೇ ಬೇಡ. ಆಸ್ತಿ, ಜಗಳದ ಮಾತು ಬಂದು ಅವರು ‘ಇದು ಬೇಡ’ ಎಂದರೆ ಅಲ್ಲೇ ನಿಲ್ಲಿಸಬೇಕು. ಒಂದು ಸಲಕ್ಕೆ 40 ನಿಮಿಷ ಸಾಕು. 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಪುಟ್ಟ ಕೋಣೆಯಲ್ಲಿ ಸಾಮಾನ್ಯರ ಮಾತು ದಾಖಲಿಸಲು ಶುರುಮಾಡಿದ ಸ್ಟೋರಿಕೋರ್ ಸಂಸ್ಥೆ ಇಟ್ಟುಕೊಂಡ ಅವಧಿಯೂ ಇದೇ. ಅಮೆರಿಕದವರು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಯ ಹಿರಿಯರನ್ನು ಮಾತಾಡಿಸಲಿ ಎಂದು 2015ರಿಂದ ವಿದ್ಯಾರ್ಥಿಗಳಿಗೆ ಕರೆ ಕೊಟ್ಟದ್ದೂ ಅವರೇ. ನಮ್ಮಲ್ಲಿ ಬಾಳೆಎಲೆ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಸಂಜೆಯ ಕಾಫಿಯ ಹೊತ್ತಿಗೆ ಹಿರಿಯರ ಗಂಟಲೂ ನೆನಪೂ ಹದವಾಗಿರುತ್ತವೆ. ಮಹಾಲಯ ಅಮಾವಾಸ್ಯೆಯ ಆಸುಪಾಸೂ ಒಳ್ಳೆಯದು. ಶ್ರಾದ್ಧ ಮಾಡುವ ಮನೆಗಳಲ್ಲಿ ಮೂರು ತಲೆಮಾರಿನ ಹೆಸರು ಹೇಗೂ ಬಾಯಿಗೆ ಬಂದಿರುತ್ತದೆ.

‘ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಎಂದರೆ ‘ಹೇಳೋದಕ್ಕೆ ಏನಿದೆ’ ಎಂಬ ಉತ್ತರ ಬರುತ್ತದೆ. ಬಾವಿ ಎಲ್ಲಿತ್ತು, ಅಡುಗೆಮನೆಗೆ ಎಷ್ಟು ಮೆಟ್ಟಿಲು, ಮದುವೆಯ ದಿಬ್ಬಣ ಗಾಡಿಯಲ್ಲೋ ಬಸ್ಸಿನಲ್ಲೋ ಎಂದು ಕೇಳಿ. ಇಸವಿ ನೆನಪಾಗದಿದ್ದರೆ 1956ರ ಏಕೀಕರಣ, 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು, 1974ರ ಭೂಸುಧಾರಣೆ, 1975ರ ತುರ್ತುಪರಿಸ್ಥಿತಿ ಇವುಗಳಿಗೆ ಹಿಂದೋ ಮುಂದೋ ಎಂದು ಕೇಳಿದರೆ ಥಟ್ಟನೆ ಹೊಳೆಯುತ್ತದೆ. ಶರಾವತಿ ಹಿನ್ನೀರಿನಿಂದ ಎದ್ದು ಬಂದ ಕುಟುಂಬಗಳಲ್ಲಿ ಎಲ್ಲ ಲೆಕ್ಕವೂ ಮುಳುಗಡೆಯಿಂದಲೇ ಶುರು. ಸೋಬಾನೆ, ಬೀಸುವ ಪದ ಗೊತ್ತಿರುವವರಿದ್ದರೆ ಮಾತಿಗಿಂತ ಮೊದಲು ಅದನ್ನೇ ಹಾಡಿಸಿ, ದನಿ ಬಿಚ್ಚಿಕೊಳ್ಳುತ್ತದೆ. ಹವ್ಯಕ ಕನ್ನಡವೋ ಕುಂದಾಪುರದ ಕನ್ನಡವೋ ಅರೆಭಾಷೆಯೋ, ಮನೆಯ ಮಾತಿನಲ್ಲೇ ಪ್ರಶ್ನೆ ಕೇಳಿ. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅವರೂ ಭಾಷಣ ಮಾಡಲು ಶುರುಮಾಡುತ್ತಾರೆ.

ಡಾಲಸ್‌ನಲ್ಲೋ ದುಬೈನಲ್ಲೋ ಇರುವ ಮಗ ವಿಡಿಯೋ ಕರೆಯಲ್ಲಿ ಸೇರುವುದಾದರೆ ರೆಕಾರ್ಡರನ್ನು ಲ್ಯಾಪ್‌ಟಾಪಿಗೆ ಯುಎಸ್‌ಬಿ ಮೈಕಾಗಿ ಜೋಡಿಸಬಹುದು, ಆ ಕಡೆಯವರಿಗೆ ಅಜ್ಜಿಯ ದನಿ ಬಹಳ ಸ್ಪಷ್ಟವಾಗಿ ಕೇಳುತ್ತದೆ. ದಾಖಲೆಯೇ ಮುಖ್ಯವಾದರೆ ಮಾತ್ರ ರೆಕಾರ್ಡರನ್ನು ತನ್ನ ಪಾಡಿಗೆ ಕಾರ್ಡಿನ ಮೇಲೆ ಓಡಲು ಬಿಟ್ಟು, ಕರೆಯ ಫೋನನ್ನು ಸ್ಪೀಕರಿಗೆ ಹಾಕಿ ಅಜ್ಜಿಯ ಎದುರು ಬದಿಯ ಮೈಕಿನ ಹತ್ತಿರ ಇಡಿ.

ಕಂಪ್ಯೂಟರಿನ ಕೆಲಸಕ್ಕೆ ಉಚಿತವಾದ ಆಡಾಸಿಟಿ ತಂತ್ರಾಂಶ ಸಾಕು, 32-ಬಿಟ್ ಫ್ಲೋಟ್ ಫೈಲನ್ನು ಇದ್ದ ಹಾಗೇ ತೆರೆಯುತ್ತದೆ. ಇಡೀ ಫೈಲಿನ ಧ್ವನಿಯನ್ನು ಒಟ್ಟಿಗೆ ಹೊಂದಿಸುವ ನಾರ್ಮಲೈಸ್ ಕೊಟ್ಟು, ಅತಿ ಜೋರಿನ ಜಾಗ -1 ಡೆಸಿಬಲ್‌ಗೆ ಬರುವಂತೆ ಮಾಡಿ (ಈ ಅಳತೆಯಲ್ಲಿ 0 ಎಂದರೆ ಧ್ವನಿ ಒಡೆಯುವ ಗಡಿ). ಸದ್ದು ತೆಗೆಯಬೇಕಿದ್ದರೆ ಮೊದಲಿನ 10 ಸೆಕೆಂಡನ್ನು ಮಾದರಿಯಾಗಿ ಕೊಟ್ಟು ನಾಯ್ಸ್ ರಿಡಕ್ಷನ್ ಅನ್ನು ಹಗುರವಾಗಿ ಬಳಸಿ, ಜಾಸ್ತಿ ಮಾಡಿದರೆ ಮಾತು ನೀರಿನೊಳಗಿಂದ ಬಂದಂತಾಗುತ್ತದೆ. ಹಂಚಲು 96 ಕೆಬಿಪಿಎಸ್‌ನ ಮೊನೊ ಎಂಪಿ3 ಮಾಡಿಕೊಂಡರೆ ಗಂಟೆಗೆ 43 ಎಂಬಿ, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬಹುದು. ಮೂಲ ಫೈಲನ್ನೇ ಕಳಿಸಿದರೆ ಎಷ್ಟೋ ಫೋನುಗಳಲ್ಲಿ, ಟಿವಿಗಳಲ್ಲಿ ತೆರೆಯುವುದಿಲ್ಲ. ರೆಕಾರ್ಡರ್ ನೇರವಾಗಿ ಎಂಪಿ3 ಕೊಡುವುದಿಲ್ಲ ಎಂಬುದು ಇದರ ದೊಡ್ಡ ಕೊರತೆ. ಎಚ್1ಎನ್‌ನಲ್ಲಿ ಆ ಸೌಲಭ್ಯವಿತ್ತು. ಕಂಪ್ಯೂಟರ್ ಇಲ್ಲದ ಮನೆಗೆ ಇದರಿಂದ ನಿಜವಾದ ತೊಂದರೆ. ಸಂಗ್ರಹಕ್ಕೆ 24-ಬಿಟ್ ಫ್ಲ್ಯಾಕ್ (ಗುಣಮಟ್ಟ ಕೆಡದಂತೆ ಕಿರಿದಾಗಿಸಿದ ಫೈಲು) ಸರಿ, ಫ್ಲ್ಯಾಕ್‌ಗೆ ಫ್ಲೋಟ್ ಹಿಡಿಸದ ಕಾರಣ ಲೆವೆಲ್ ಸರಿಮಾಡಿದ ಮೇಲೆಯೇ ಬದಲಿಸಬೇಕು.

ಕಾದಂಬರಿಕಾರರ ಸಂವಾದ, ಸಾಹಿತ್ಯ ಗೋಷ್ಠಿಗಳಿಗೂ ಇದನ್ನು ಒಯ್ಯುವವರಿದ್ದಾರೆ. ಅಲ್ಲಿ ಸಭಾಂಗಣದ ಮೈಕ್‌ಗಳೆಲ್ಲ ಸೇರುವ ಮಿಕ್ಸರಿನಿಂದ ತಂತಿ ಎಳೆಯುವುದಾದರೆ ಮಿಕ್ಸರಿನ ಔಟ್‌ಪುಟ್ ತಗ್ಗಿಸಲು ಹೇಳಿ, ಕಿಂಡಿಯ ಮಿತಿಗಿಂತ ಜೋರಾದ ಸಿಗ್ನಲ್ ಫ್ಲೋಟ್ ಆಗುವ ಮುಂಚೆಯೇ ಒಡೆದಿರುತ್ತದೆ.

ಯಾರು ಕೊಳ್ಳಬೇಕು? ಈಗಾಗಲೇ ಎಚ್1ಎನ್ ಇರುವವರು ಬದಲಿಸುವ ಅಗತ್ಯವಿಲ್ಲ. ಅದರಲ್ಲಿ ಲೆವೆಲ್ಲನ್ನು ಅತಿ ಜೋರಿನ ಮಾತು -12 ಡೆಸಿಬಲ್ ಮುಟ್ಟುವ ಹಾಗಿಟ್ಟು, ಧ್ವನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿದರೆ ಕೆಲಸ ಚೊಕ್ಕವಾಗುತ್ತದೆ. ಬರೆದಿಳಿಸುವಾಗ ವೇಗ ತಗ್ಗಿಸಿ ಕೇಳುವ ಸೌಲಭ್ಯವೂ ಅದರಲ್ಲಿದೆ. ಫೋನ್ ಮಾತ್ರ ಇರುವವರು ಏರೋಪ್ಲೇನ್ ಮೋಡ್ ಹಾಕಿ, ಟವೆಲ್ ಮೇಲೆ ಅದೇ ಎರಡು ಗೇಣಿನೊಳಗೆ ಇಟ್ಟು ಈ ಹಬ್ಬವನ್ನೇ ಬಳಸಿಕೊಳ್ಳಲಿ, ಯಂತ್ರ ಬರಲೆಂದು ಮುಂದಿನ ವರ್ಷಕ್ಕೆ ತಳ್ಳುವುದು ಬೇಡ. ಫೋನಿನ ತೊಂದರೆಯೆಂದರೆ ಅದು ತಾನೇ ಸದ್ದು ಶುದ್ಧ ಮಾಡಲು ಹೋಗಿ ವಾಕ್ಯದ ಕೊನೆಯ ಮೆಲುದನಿಯನ್ನು ನುಂಗುವುದು. ವಯಸ್ಸಾದವರ ಮಾತಿನಲ್ಲಿ ಹೆಸರುಗಳು ಬರುವುದು ಎಷ್ಟೋ ಸಲ ಆ ಮೆಲುದನಿಯಲ್ಲೇ. ಎಸೆನ್ಷಿಯಲ್‌ಗೆ ಹಣ ಹಾಕಲು ಅದೊಂದೇ ಕಾರಣ ಸಾಕು. ಹಬ್ಬ ಮುಗಿದು ಎತ್ತಿಡುವಾಗ ಬ್ಯಾಟರಿ ತೆಗೆದಿಡಿ, ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ. ಮತ್ತೆ ಹಾಕಿದಾಗ ದಿನಾಂಕ ಸರಿಯಿದೆಯೇ ನೋಡಿಕೊಳ್ಳಿ.